ಶೇಷಗಿರಿಹಳ್ಳಿಗೆ ಒಮ್ಮೆ ಹೋಗಿ ಬನ್ನಿ

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬಿಡದಿ ಕಡೆಗೆ ಬರುವ ನಮ್ಮ ಜನಕ್ಕೆ ವಂಡರ್‌ಲಾ ಗೊತ್ತು, ಟೊಯೋಟಾ ಕಾರ್ಖಾನೆ ಗೊತ್ತು, ತಟ್ಟೆ ಇಡ್ಲಿ ಹೋಟೆಲುಗಳು ಗೊತ್ತು. ಅದೇ ಹೆದ್ದಾರಿಯಿಂದ ತುಸು ಒಳಗೆ, ಹೆಜ್ಜಾಲದ ಆಸುಪಾಸಿನ ಶೇಷಗಿರಿಹಳ್ಳಿಯಲ್ಲಿ, ದೇಶ ಕಳೆದುಕೊಂಡ ಜನರು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡ ಕಾಲೇಜೊಂದಿದೆ. ಇದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ದಲೈಲಾಮಾ ಉನ್ನತ ಶಿಕ್ಷಣ ಸಂಸ್ಥೆ ಎಂದು ಅದರ ಹೆಸರು. ನಡೆಸುತ್ತಿರುವುದು ಟಿಬೆಟನ್ ಮಕ್ಕಳ ಗ್ರಾಮ, ಅಂದರೆ ಟಿಸಿವಿ. ಬೈಲಕುಪ್ಪೆ, ಮುಂಡಗೋಡಗಳಿಂದ, ದೂರದ ಹಿಮಾಚಲ, ಲಡಾಖ್‌ಗಳಿಂದ ಹುಡುಗ ಹುಡುಗಿಯರು ಬಂದು ನಮ್ಮ ನೀರು ಕುಡಿದು, ನಮ್ಮ ಬಸ್ಸು ಹತ್ತಿ ಇಲ್ಲಿ ಓದುತ್ತಾರೆ. ಓದು ಮುಗಿಸಿ ಹೋಗುತ್ತಾರೆ. ಅವರು ಬಂದದ್ದೂ ಹೋದದ್ದೂ ನಮಗೆ ತಿಳಿಯುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹಿರಿಯರೇ, ತಾಯಂದಿರೇ, ಮೇಷ್ಟ್ರುಗಳೇ, ಹುಳು ಸಾಕುವ ಅಣ್ಣಂದಿರೇ, ಕಾಲೇಜಿನ ತಮ್ಮ ತಂಗಿಯರೇ, ಈ ಮಾತು ನಿಮಗೆ. ನಮ್ಮ ಜಿಲ್ಲೆಯ ಹೆಸರು ರಾಮನಗರವೇ ಇರಬೇಕೋ ಬೆಂಗಳೂರು ದಕ್ಷಿಣ ಆಗಬೇಕೋ ಎಂದು 2025ರಲ್ಲಿ ಬೀದಿ ಬೀದಿಯಲ್ಲಿ ಮಾತಾಡಿದ್ದೇವೆ. ಊರಿನ ಹೆಸರು ಬದಲಾದರೇ ಕರುಳು ಚುರುಕ್ ಎನ್ನುವ ನಮಗೆ, ಊರೇ ಇಲ್ಲದಂತಾದವರ ಸಂಕಟ ತಿಳಿಯದೆ ಇರಲಾರದು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ಚೀನಾದ ಸೇನೆಯ ವಿರುದ್ಧ ದಂಗೆ ಎದ್ದರು. ಒಂದು ವಾರದ ಬಳಿಕ, 17ರ ರಾತ್ರಿ, ಇಪ್ಪತ್ಮೂರು ವರ್ಷದ ದಲೈಲಾಮಾ ಸೈನಿಕನ ವೇಷದಲ್ಲಿ ಅರಮನೆ ಬಿಟ್ಟರು. ತಿಂಗಳ ಕೊನೆಯ ದಿನ ಭಾರತದ ಗಡಿ ಮುಟ್ಟಿದರು. ಅವರ ಹಿಂದೆ ಹಿಮದಲ್ಲಿ ನಡೆದು ಬಂದವರು ಸುಮಾರು 80 ಸಾವಿರ ಜನ. ಬರಲಾರದೆ ಉಳಿದವರ ಮಠಗಳು ಉರುಳಿದವು, ಗ್ರಂಥಗಳು ಬೆಂಕಿಗೆ ಬಿದ್ದವು, ಭಿಕ್ಷುಗಳು ಬಂದೀಖಾನೆ ಸೇರಿದರು. ಅಂತರರಾಷ್ಟ್ರೀಯ ನ್ಯಾಯಶಾಸ್ತ್ರಜ್ಞರ ಆಯೋಗದ ಸಮಿತಿ 1960ರಲ್ಲಿ ವರದಿ ಕೊಟ್ಟಿತು: ಟಿಬೆಟನ್ನರನ್ನು ಒಂದು ಧಾರ್ಮಿಕ ಸಮುದಾಯವಾಗಿ ಅಳಿಸಿಹಾಕುವ ಉದ್ದೇಶದ ನರಮೇಧದ ಕೃತ್ಯಗಳು ಅಲ್ಲಿ ನಡೆದಿವೆ ಎಂದು. ಇದು ಯಾರೋ ಉದ್ವೇಗದಲ್ಲಿ ಆಡಿದ ಮಾತಲ್ಲ. ಯುರೋಪಿನಲ್ಲಿ ಅರವತ್ತು ಲಕ್ಷ ಯಹೂದಿಗಳ ಕೊಲೆಯಾದ ಮೇಲೆ, 1948ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ನರಮೇಧ ಒಪ್ಪಂದದ ಅಳತೆಗೋಲಿನಿಂದ ಅಳೆದು, ಸಾಕ್ಷಿಗಳ ಹೇಳಿಕೆ ಓದಿ ಬರೆದ ತೀರ್ಮಾನ.

ಗಡಿ ದಾಟಿ ಬಂದವರು ಮೊದಲು ಮಾಡಿದ ಕೆಲಸ ಕೂಲಿ. ಹಿಮಾಲಯದ ರಸ್ತೆಗಳಿಗೆ ಕಲ್ಲು ಒಡೆದರು. ತಾಯಂದಿರು ಸುತ್ತಿಗೆ ಹಿಡಿದರೆ ಮಕ್ಕಳು ರಸ್ತೆಬದಿಯ ಗುಡಾರದಲ್ಲಿ ಕೆಮ್ಮುತ್ತಾ ಮಲಗಿರುತ್ತಿದ್ದವು. ಅನೇಕ ಮಕ್ಕಳು ಉಳಿಯಲಿಲ್ಲ. 1960ರ ಮೇ ತಿಂಗಳಲ್ಲಿ ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ತಂದರು. ದಲೈಲಾಮಾರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರನ್ನು ಮಡಿಲಿಗೆ ಹಾಕಿಕೊಂಡರು. ಟಿಸಿವಿ ಹುಟ್ಟಿದ್ದು ಹಾಗೆ. ಶೇಷಗಿರಿಹಳ್ಳಿಯ ಕಾಲೇಜು ಆ 51 ಮಕ್ಕಳ ನಂತರದ ಪೀಳಿಗೆಗಳಿಗಾಗಿ ಎದ್ದ ಕಟ್ಟಡ. ನಮ್ಮ ಜಿಲ್ಲೆಯ ಮಣ್ಣಲ್ಲಿ ನಿಂತಿರುವುದು ಎಂಥದು ಎಂದು ಇದರಿಂದ ತಿಳಿಯಿರಿ.

ನಾಶವಾದ ಮೇಲೆ ಒಂದು ಸಮುದಾಯ ಮತ್ತೆ ಹೇಗೆ ಬದುಕುತ್ತದೆ? ಟಿಬೆಟನ್ನರು ಈ ಪ್ರಶ್ನೆಯನ್ನು ಬಲ್ಲವರನ್ನೇ ಕೇಳಿದರು. 1990ರ ಅಕ್ಟೋಬರಿನಲ್ಲಿ ಯಹೂದಿ ಧರ್ಮಗುರುಗಳಾದ ರಬ್ಬಿಗಳು, ವಿದ್ವಾಂಸರ ತಂಡವನ್ನು ದಲೈಲಾಮಾ ಧರ್ಮಶಾಲೆಗೆ ಕರೆಸಿಕೊಂಡರು. ಎರಡು ಸಾವಿರ ವರ್ಷ ನೆಲೆಯಿಲ್ಲದೆ ಅಲೆದೂ ನೀವು ಉಳಿದಿರಿ, ಆ ಗುಟ್ಟನ್ನು ನಮಗೂ ಹೇಳಿ ಎಂಬುದು ಅವರ ಕೋರಿಕೆ. ಆಗ ದಲೈಲಾಮಾ ದೇಶ ಬಿಟ್ಟು ಮೂವತ್ತೊಂದು ವರ್ಷವಾಗಿತ್ತು. ತಮ್ಮ ಜನರ ಮುಂದೆ ಇನ್ನೆಷ್ಟು ದಾರಿ ಇದೆಯೋ ಎಂಬ ಚಿಂತೆ ಆ ಕೋರಿಕೆಯ ಹಿಂದಿತ್ತು.

ಯಹೂದಿಗಳ ಬಳಿ ಹೇಳಲು ಇದ್ದದ್ದು ಬಹಳ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟರು. ಮುತ್ತಿಗೆಯ ನಡುವೆ ಯೋಹಾನನ್ ಬೆನ್ ಜಕ್ಕಾಯ್ ಎಂಬ ಗುರು ಊರಿಂದ ತಪ್ಪಿಸಿಕೊಂಡು ಬಂದು ರೋಮನ್ ಸೇನಾಪತಿಯೆದುರು ನಿಂತು, ಯವ್ನೆ ಎಂಬ ಸಣ್ಣ ಊರನ್ನೂ ಅಲ್ಲಿನ ವಿದ್ವಾಂಸರನ್ನೂ ಬಿಟ್ಟುಕೊಡು ಎಂದು ಬೇಡಿದನೆಂದು ಅವರ ಪರಂಪರೆ ಹೇಳುತ್ತದೆ. ದೇವಾಲಯ ಉಳಿಸು ಎನ್ನಲಿಲ್ಲ, ರಾಜ್ಯ ಕೊಡು ಎನ್ನಲಿಲ್ಲ. ಪಾಠ ಹೇಳಲು ಒಂದು ಜಾಗ ಸಾಕು ಎಂದ. ಮುಂದಿನ ಯಹೂದಿ ಬದುಕೆಲ್ಲ ಬೆಳೆದದ್ದು ಆ ಪಾಠಶಾಲೆಯಿಂದ. ಅದರ ಜೊತೆಗೆ ಮನೆಯ ಊಟದ ಮೇಜು. ಪ್ರತಿ ವಸಂತದಲ್ಲಿ ಪಸ್ಕಾ ಹಬ್ಬದ ರಾತ್ರಿ ಮನೆಯ ಅತಿ ಕಿರಿಯ ಮಗು ಪ್ರಶ್ನೆ ಕೇಳುತ್ತದೆ, ಹಿರಿಯರು ಈಜಿಪ್ಟಿನ ಗುಲಾಮಗಿರಿಯಿಂದ ತಾವು ಹೊರಬಂದ ಕತೆಯನ್ನು ಮೊದಲಿನಿಂದ ಹೇಳುತ್ತಾರೆ. ಮೂರು ಸಾವಿರ ವರ್ಷದ ಹಿಂದಿನ ಕತೆಯನ್ನು ನಿನ್ನೆ ತಮಗೇ ಆದದ್ದೆಂಬಂತೆ ಹೇಳುತ್ತಾರೆ.

ಆದರೆ ನನ್ನ ಮನಸ್ಸನ್ನು ಕಲಕುವುದು ಅಷ್ಟು ಹಳೆಯ ಮಾತಲ್ಲ, 1945ರ ನಂತರದ ಕೆಲವು ವರ್ಷಗಳು. ಆ ವರ್ಷದ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಬರ್ಗೆನ್-ಬೆಲ್ಸೆನ್ ಯಾತನಾ ಶಿಬಿರದ ಬಾಗಿಲು ತೆರೆದಾಗ ಒಳಗೆ ಜೀವಂತವಿದ್ದವರು ಸುಮಾರು 60 ಸಾವಿರ. ಬಿಡುಗಡೆಯಾದ ಮೇಲೂ ಟೈಫಸ್‌ಗೆ, ಹಸಿವಿನ ಸವೆತಕ್ಕೆ ಹದಿಮೂರು ಸಾವಿರದಷ್ಟು ಜನ ಸತ್ತರು. ಉಳಿದವರಿಗೆ ಹೋಗಲು ಮನೆಯಿರಲಿಲ್ಲ. ಜರ್ಮನಿ, ಆಸ್ಟ್ರಿಯಾ, ಇಟಲಿಯ ನಿರಾಶ್ರಿತ ಶಿಬಿರಗಳಲ್ಲಿ ಎರಡೂವರೆ ಲಕ್ಷದಷ್ಟು ಯಹೂದಿಗಳು ಕಾದು ಕುಳಿತರು. ಫೋರೆನ್‌ವಾಲ್ಡ್ ಎಂಬ ಕೊನೆಯ ಶಿಬಿರ ಮುಚ್ಚಿದ್ದು 1957ರಲ್ಲಿ.

ಆ ಶಿಬಿರಗಳಲ್ಲಿ ಅವರು ಏನು ಮಾಡಿದರು ಗೊತ್ತೇ? ಬೆಲ್ಸೆನ್‌ನಲ್ಲಿ ಬಿಡುಗಡೆಯಾಗಿ ಮೂರು ತಿಂಗಳೊಳಗೆ, 1945ರ ಜುಲೈನಲ್ಲಿ, ತಮ್ಮ ಯಿದ್ದಿಶ್ ಭಾಷೆಯ ಪತ್ರಿಕೆ ಹೊರಟಿತು. ಅಚ್ಚಿನ ಮೊಳೆ ಇಲ್ಲ. ಕೈಯಲ್ಲಿ ಬರೆದು ಪ್ರತಿ ತೆಗೆದರು. ಲ್ಯಾಂಡ್ಸ್‌ಬರ್ಗ್ ಶಿಬಿರದಲ್ಲಿ ತಮ್ಮ ಲಿಪಿಯ ಮೊಳೆ ಸಿಗದೆ ರೋಮನ್ ಅಕ್ಷರದಲ್ಲಿ ತಮ್ಮ ಭಾಷೆ ಅಚ್ಚಿಸಿದರು. ಶಾಲೆ ತೆರೆದರು, ನಾಟಕ ಆಡಿದರು, ಮದುವೆಯಾದರು. ಬೆಲ್ಸೆನ್ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಕೂಸು ಹುಟ್ಟಿದವು. ಮ್ಯೂನಿಕ್‌ನಲ್ಲಿ ಒಂದು ಇತಿಹಾಸ ಆಯೋಗ ಕಟ್ಟಿಕೊಂಡು, ಬದುಕುಳಿದವರ ಬಾಯಿಂದ ಸಾವಿರಾರು ಹೇಳಿಕೆ ಬರೆಸಿಕೊಂಡರು. ಆ ಆಯೋಗದವರು ಹೆಚ್ಚಿನಂಶ ಪದವಿ ಪಡೆದ ಇತಿಹಾಸಕಾರರಲ್ಲ. ತಮ್ಮವರನ್ನು ಕಳೆದುಕೊಂಡ ಸಾಮಾನ್ಯರು.

ಒಂದು ಪುಸ್ತಕದ ಕತೆ ಹೇಳಲೇಬೇಕು. ಡಕಾವ್ ಯಾತನಾ ಶಿಬಿರದಿಂದ ಬದುಕಿ ಬಂದ ಇಬ್ಬರು ರಬ್ಬಿಗಳು, ಸ್ಯಾಮ್ಯುಯೆಲ್ ಸ್ನೀಗ್ ಮತ್ತು ಸ್ಯಾಮ್ಯುಯೆಲ್ ರೋಸ್, ಅಮೆರಿಕದ ಸೇನೆಯ ಮುಂದೆ ಒಂದು ಕೋರಿಕೆ ಇಟ್ಟರು: ನಮ್ಮ ಧರ್ಮಗ್ರಂಥ ತಾಲ್ಮುದ್ ಅಚ್ಚು ಹಾಕಿಸಿ ಕೊಡಿ. ಜರ್ಮನಿಯಲ್ಲಿ ಆಗ ಕಾಗದವೇ ಇಲ್ಲ. ನೋಡಿಕೊಂಡು ಅಚ್ಚು ಮಾಡಲು ಪೂರ್ಣ ಪ್ರತಿಯೂ ಹತ್ತಿರದಲ್ಲೆಲ್ಲೂ ಸಿಗಲಿಲ್ಲ, ಅಮೆರಿಕದಿಂದ ತರಿಸಬೇಕಾಯಿತು. ಕೊನೆಗೆ 1948ರ ಹೊತ್ತಿಗೆ ಹೈಡೆಲ್‌ಬರ್ಗಿನಲ್ಲಿ, ಒಂದು ಜರ್ಮನ್ ಮುದ್ರಣಾಲಯದಲ್ಲಿ, 19 ಸಂಪುಟಗಳ ತಾಲ್ಮುದ್ ಹೊರಬರತೊಡಗಿತು. ಅದರ ಮುಖಪುಟದ ಕೆಳಭಾಗದಲ್ಲಿ ಮುಳ್ಳುತಂತಿಯ ಬೇಲಿ, ಶಿಬಿರದ ಚಿತ್ರ. ಮೇಲ್ಭಾಗದಲ್ಲಿ ತಾಳೆಮರಗಳು, ಪವಿತ್ರ ನಾಡಿನ ಊರು. ಹೊಟ್ಟೆಗೆ ಪಡಿತರದ ಬ್ರೆಡ್ಡು, ಮೈಮೇಲೆ ದಾನದ ಕೋಟು, ಮನೆಯವರೆಲ್ಲ ಬೂದಿ. ಅಂಥ ಸ್ಥಿತಿಯಲ್ಲಿ ಅವರು ಕೇಳಿದ್ದು ಓದಲು ತಮ್ಮ ಗ್ರಂಥವನ್ನು!

ಈಗ ಬುಕ್ಸಾಕ್ಕೆ ಬನ್ನಿ. ಪಶ್ಚಿಮ ಬಂಗಾಳ ಮತ್ತು ಭೂತಾನದ ಗಡಿಯಲ್ಲಿ ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಬಂದೀಖಾನೆ ಅದು. 1959ರಿಂದ ಹತ್ತು ವರ್ಷ ಟಿಬೆಟಿನ ಮಹಾಮಠಗಳ ಸುಮಾರು 1,500 ಭಿಕ್ಷುಗಳು ಅಲ್ಲಿದ್ದರು. ಚಳಿನಾಡಿನ ಮೈ, ಕೆಳಗಿನ ಕಾಡಿನ ಸೆಕೆ, ಕಿಕ್ಕಿರಿದ ಕೋಣೆಗಳು. ಕ್ಷಯ ಹಬ್ಬಿತು, ಅನೇಕರು ಸತ್ತರು. ಅಲ್ಲಿಯೂ ದಿನಕ್ಕೆ ಹೊತ್ತುಹೊತ್ತು ಪಾಠ, ತರ್ಕ, ವಾದ ನಿಲ್ಲಲಿಲ್ಲ. 1970ರ ಹೊತ್ತಿಗೆ ಅವರಲ್ಲಿ ಸೆರಾ ಮಠದ ಮುನ್ನೂರರಷ್ಟು ಭಿಕ್ಷುಗಳು ನಮ್ಮ ಬೈಲಕುಪ್ಪೆಗೆ ಬಂದರು. ಗಾಂದೆನ್, ದ್ರೆಪುಂಗ್ ಮಠದವರು ಮುಂಡಗೋಡಕ್ಕೆ ಹೋದರು. ಕಾಡು ಕಡಿದು, ಜೋಳ ಬಿತ್ತಿ, ತಗಡಿನ ಸೂರಿನ ಕೆಳಗೆ ಶುರುಮಾಡಿದ ಆ ಮಠಗಳಲ್ಲಿ ಮುಂದೆ ಸಾವಿರ ಸಾವಿರ ಮಂದಿ ಓದಿದರು. ಲಾಸಾದ ಹೊರಗೆ ಕೆಡವಿದ್ದನ್ನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಎಬ್ಬಿಸಿ ನಿಲ್ಲಿಸಿದರು.

ರಾಮನಗರದ ಬಿಚ್ಚಾಣಿಕೆ ಮನೆಗಳಲ್ಲಿ ಕೆಲಸ ಮಾಡುವ ಅಕ್ಕಂದಿರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಸಿನೀರಲ್ಲಿ ಗೂಡು ಕುದಿಯುತ್ತಿರುವಾಗ ಎಳೆ ಕಡಿದರೆ ನೂಲನ್ನು ಅಲ್ಲಿಗೇ ಬಿಡುವುದಿಲ್ಲ. ಇನ್ನೊಂದು ಗೂಡಿನ ತುದಿ ಹುಡುಕಿ, ಓಡುತ್ತಿರುವ ನೂಲಿಗೆ ಸೇರಿಸುತ್ತಾರೆ. ಬೆರಳು ಬೇಯುತ್ತದೆ. ಆದರೂ ರಾಟೆ ನಿಲ್ಲುವ ಮೊದಲೇ ಸೇರಿಸಬೇಕು. ಬೆಲ್ಸೆನ್ನಿನವರೂ ಬುಕ್ಸಾದವರೂ ಮಾಡಿದ್ದು ಆ ಕೆಲಸವನ್ನೇ.

ಇಷ್ಟರಲ್ಲಿ ನಮ್ಮ ಪಾಲು ಏನು? ಹೆಮ್ಮೆಪಡುವಂಥದ್ದು ಇದೆ. ನಿರಾಶ್ರಿತರಿಗೆ ನೆಲ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ದೊಡ್ಡ ಮನಸ್ಸು ಮಾಡಿದ್ದು ಅಂದಿನ ಮೈಸೂರು ರಾಜ್ಯ. ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿದ್ದ 1960ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಗುತ್ತಿಗೆಗೆ ಸಿಕ್ಕಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈಲಾಮಾ ಸಭೆ ಸಭೆಗಳಲ್ಲಿ ನೆನೆಯುತ್ತಾ ಬಂದಿದ್ದಾರೆ. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ, ಬೈಲಕುಪ್ಪೆಯ ಎರಡನೆಯ ನೆಲೆ, ಹೀಗೆ ಒಟ್ಟು ಐದು ನೆಲೆಗಳಾದವು. ಒಡೆಯರಪಾಳ್ಯದಿಂದ ಬೆಂಗಳೂರಿಗೆ ಬರುವ ಬಸ್ಸುಗಳಿಗೆ ಕನಕಪುರವೇ ದಾರಿ. 2018ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಟಿಬೆಟನ್ನರು ಕರ್ನಾಟಕಕ್ಕೆ ಧನ್ಯವಾದ ಹೇಳುವ ಸಮಾರಂಭ ಮಾಡಿದಾಗ ಮುಖ್ಯಮಂತ್ರಿಯಾಗಿ ಅದರಲ್ಲಿ ಪಾಲ್ಗೊಂಡವರು ಚನ್ನಪಟ್ಟಣದ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿ. ಟಿಬೆಟನ್ನರ ಕೃತಜ್ಞತೆ ಸ್ವೀಕರಿಸುವ ಭಾಗ್ಯ ನಮ್ಮ ಕಡೆಯವರಿಗೇ ಬಂತು. ಆ ಕೃತಜ್ಞತೆಗೆ ನಾವು ಪಾತ್ರರಾಗಿ ಉಳಿದಿದ್ದೇವೆಯೇ ಎಂದು ಕೇಳಿಕೊಳ್ಳುವ ಹೊಣೆಯೂ ನಮ್ಮದೇ.

ನಾಜಿಗಳಿಂದ ಓಡಿಬಂದ ಯಹೂದಿಗಳಿಗೂ ನಮ್ಮ ನಾಡು ಬಾಗಿಲು ತೆರೆದಿತ್ತು, ಪೂರ್ತಿ ತೆರೆದಿರಲಿಲ್ಲ. ಗಟ್ಟಿಂಗೆನ್ ವಿಶ್ವವಿದ್ಯಾಲಯ ಹೊರಹಾಕಿದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಸಿ.ವಿ. ರಾಮನ್ ಕರೆದರೆಂದು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದರು. ರಾಮನ್ ಅವರನ್ನು ಇಲ್ಲೇ ಉಳಿಸಿಕೊಳ್ಳಲು ಬಯಸಿದರು. ಸಂಸ್ಥೆಯೊಳಗೆ ವಿರೋಧ ಎದ್ದಿತು, ಕಾಯಂ ಹುದ್ದೆ ಸಿಗಲಿಲ್ಲ, ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಬಂಧು ಒಟ್ಟೊ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನ ವಾಸ್ತುಶಿಲ್ಪಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರನ್ನು 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಕರೆಸಿಕೊಂಡರು. ದೇಶ ಒಡೆದ ಮೇಲೆ, 1948ರಿಂದ, ಆ ನಿರಾಶ್ರಿತ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ಪಂಜಾಬಿನಿಂದ ಬಂದ ನಿರಾಶ್ರಿತರಿಗೆ ಮನೆ ಕಟ್ಟಿಸುವ ಕೆಲಸ ಹೊತ್ತರು. ಮಾಗಡಿಗೆ ಹೋಗುವ ರಸ್ತೆಯಲ್ಲೇ, ಬೆಂಗಳೂರಿನ ಸರಹದ್ದಿನೊಳಗೆ, ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟ ಜಾಗದಲ್ಲಿ ಯಹೂದಿಗಳ ಸ್ಮಶಾನವಿದೆ. ಮಾಗಡಿಯಿಂದ ಮೆಜೆಸ್ಟಿಕ್‌ಗೆ ಓಡಾಡುವ ನಾವು ಆ ದಾರಿಯಲ್ಲಿ ಎಷ್ಟು ಸಲ ಹೋಗಿಬಂದಿದ್ದೇವೋ.

ಜಾಗ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ ಎಂಬುದಕ್ಕೆ ಪೋಲೆಂಡಿನ ಕೀಲ್ಚೆ ಪಟ್ಟಣ ಸಾಕ್ಷಿ. ಯುದ್ಧಕ್ಕೆ ಮೊದಲು ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದರು. ಯುದ್ಧ ಮುಗಿದ ಮೇಲೆ ಇನ್ನೂರರಷ್ಟು ಜನ ಬಂದು ಸೇರಿದರು. 1946ರ ಜುಲೈ 4ರಂದು ಒಬ್ಬ ಪುಟ್ಟ ಹುಡುಗ, ಯಹೂದಿಗಳು ತನ್ನನ್ನು ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರೆಂದು ಸುಳ್ಳು ಹೇಳಿದ. ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. ಸಂಜೆಯೊಳಗೆ ನೆರೆಹೊರೆಯವರು, ಪೊಲೀಸರು, ಸೈನಿಕರು ಸೇರಿ 42 ಯಹೂದಿಗಳನ್ನು ಕೊಂದರು. ನಾಜಿಗಳ ಕೈಯಿಂದ ಬದುಕಿ ಉಳಿದವರು ತಮ್ಮದೇ ನಾಡಿನಲ್ಲಿ ಗಾಳಿಮಾತಿಗೆ ಸತ್ತರು. ಮುಂದಿನ ಕೆಲವೇ ತಿಂಗಳಲ್ಲಿ ಹತ್ತಾರು ಸಾವಿರ ಯಹೂದಿಗಳು ಪೋಲೆಂಡು ಬಿಟ್ಟು ಓಡಿದರು.

ನಮ್ಮಲ್ಲಿ ಹಾಗಾಗುವುದಿಲ್ಲ ಎನ್ನುವಿರೋ? 2012ರ ಆಗಸ್ಟ್ ನೆನಪಿಸಿಕೊಳ್ಳಿ. ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಮೊಬೈಲ್ ಸಂದೇಶಗಳು ಹರಿದಾಡಿದವು. ಬೆಂಗಳೂರು ರೈಲು ನಿಲ್ದಾಣದಲ್ಲಿ ಮಣಿಪುರದ, ಅಸ್ಸಾಮಿನ ಹುಡುಗರು ಗಂಟುಮೂಟೆ ಹೊತ್ತು ಗುವಾಹಟಿ ರೈಲಿಗೆ ಮುಗಿಬಿದ್ದರು. ಕೆಲವೇ ದಿನಗಳಲ್ಲಿ ಮೂವತ್ತು ಸಾವಿರದಷ್ಟು ಜನ ಊರು ಬಿಟ್ಟರು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದೆಂದು ಸರ್ಕಾರ ಕಟ್ಟಪ್ಪಣೆ ಮಾಡಬೇಕಾಯಿತು. ಅದೇ ವಾರ ಮೈಸೂರಿನಲ್ಲಿ ಒಬ್ಬ ಟಿಬೆಟನ್ ಯುವಕನಿಗೆ ಚೂರಿ ಬಿತ್ತು. ಈಶಾನ್ಯಕ್ಕೂ ಅವನಿಗೂ ಸಂಬಂಧವಿಲ್ಲ. ಮುಖ ನೋಡಿದರು, ಅಷ್ಟೇ. ಸ್ವೆಟರ್ ಮಾರಿಕೊಂಡು ಐವತ್ತು ವರ್ಷದಿಂದ ನಮ್ಮ ಜಿಲ್ಲಾ ಕೇಂದ್ರಗಳ ರಸ್ತೆಬದಿಯಲ್ಲಿ ಕೂತಿದ್ದವರ ಮಕ್ಕಳು ಅಂದು ಬೈಲಕುಪ್ಪೆಯಿಂದ ಆಚೆ ಬರಲು ಹೆದರಿದರು.

ನಮ್ಮ ತಾಲ್ಲೂಕುಗಳಿಗೂ ಇಂಥ ನೆನಪು ಇದೆ. 2023ರ ಏಪ್ರಿಲ್ 1ರಂದು ಕನಕಪುರ ತಾಲ್ಲೂಕಿನ ಸಾತನೂರಿನ ಬಳಿ, ದನ ಸಾಗಿಸುತ್ತಿದ್ದ ಒಬ್ಬ ಬಡ ಮನುಷ್ಯನ ಹೆಣ ಬಿದ್ದಿತ್ತು. ಕೊಲೆ ಆರೋಪದ ಮೇಲೆ ಬಂಧನಗಳಾದವು, ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ಸಾವಿನ ಸುದ್ದಿ ಕೇಳಿ ನಮ್ಮಲ್ಲಿ ಎಷ್ಟು ಮಂದಿ ಬಾಯಿಬಿಟ್ಟು ಇದು ತಪ್ಪು ಎಂದೆವು? ನನಗಂತೂ ಅಂದಿನ ಮೌನ ಇಂದಿಗೂ ಕಿವಿಯಲ್ಲಿದೆ.

ಬಿಡದಿಯ ಒಂದು ಹೋಟೆಲಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಇಬ್ಬರು ಹುಡುಗಿಯರು ತಟ್ಟೆ ಇಡ್ಲಿ ತಿನ್ನುತ್ತಿದ್ದರು. ಒಬ್ಬಳು ಮಾಣಿಯನ್ನು ಕರೆದು, "ಅಣ್ಣ, ಇನ್ನೊಂದು ಸ್ವಲ್ಪ ಚಟ್ನಿ ಹಾಕಿ" ಅಂದಳು. ಪಕ್ಕದ ಟೇಬಲಿನ ಯಜಮಾನರು ಜೊತೆಗಿದ್ದವರಿಗೆ, "ನೋಡ್ಲಾ, ಚೈನಾದವ್ಳು ಕನ್ನಡ ಮಾತಾಡ್ತಾವ್ಳೆ" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅಚ್ಚರಿಯಿಂದ ಅಂದದ್ದು. ಹುಡುಗಿ ತಿರುಗಿ ಕೂತು, "ಚೈನಾ ಅಲ್ಲ ಅಣ್ಣ, ಬೈಲಕುಪ್ಪೆ. ಪಿರಿಯಾಪಟ್ಟಣ ತಾಲ್ಲೂಕು" ಎಂದಳು. ಮುಖದಲ್ಲಿ ನಗುವಿತ್ತು. ಕೈ ಮಾತ್ರ ತಟ್ಟೆಯಂಚನ್ನು ಬಿಗಿಯಾಗಿ ಹಿಡಿದಿತ್ತು. ತನ್ನ ಅಜ್ಜಿಯನ್ನು ಮನೆಯಿಂದ ಓಡಿಸಿದ ದೇಶದ ಹೆಸರನ್ನೇ ಜನ ತನ್ನ ಹಣೆಗೆ ಅಂಟಿಸುವುದನ್ನು ಆ ಮಗು ಎಷ್ಟು ಸಲ ಕೇಳಿರಬೇಕು! ಆ ಯಜಮಾನರಿಗೆ ಅವಳ ಕತೆ ಹೇಳುವವರು ಯಾರೂ ಇರಲಿಲ್ಲ. ಹೇಳಬೇಕಾದವರು ನಾವು, ಓದಿದವರು, ಪತ್ರಿಕೆಯಲ್ಲಿ ಬರೆಯುವವರು, ಶಾಲೆಯಲ್ಲಿ ಪಾಠ ಮಾಡುವವರು.

ನೀವು ಕೇಳಬಹುದು: ನಮ್ಮವರಿಗೇ ನೆಲವಿಲ್ಲ, ಹೊರಗಿನವರ ಚಿಂತೆ ಏಕೆ? ನ್ಯಾಯವಾದ ಪ್ರಶ್ನೆ, ತಳ್ಳಿಹಾಕುವುದಿಲ್ಲ. ನಾಗರಹೊಳೆಯ ಕಾಡಿನಿಂದ ಎಬ್ಬಿಸಿದ ಜೇನುಕುರುಬರು ಇನ್ನೂ ನೆಲೆಗಾಗಿ ಅಲೆಯುತ್ತಿದ್ದಾರೆ. ನಮ್ಮದೇ ರಾಮನಗರ, ಮಾಗಡಿ, ಕನಕಪುರದ ಬೆಟ್ಟಗಳ ಇರುಳಿಗರು, 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಹುಟ್ಟಿದ ಕಾಡಿನ ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದು ನಿಂತಿದ್ದಾರೆ. ಬಿಡದಿ ಉಪನಗರ ಯೋಜನೆಯ ಹೆಸರಲ್ಲಿ ಭೂಮಿ ಹೋಗುವ ಭಯದಲ್ಲಿರುವ ರೈತರು ರಾತ್ರಿ ನಿದ್ದೆ ಮಾಡುತ್ತಿಲ್ಲ. ಇವರ ಪರವಾಗಿ ನಿಲ್ಲದವನು ಟಿಬೆಟನ್ನರ ಪರವಾಗಿ ಮಾತಾಡಿದರೆ ಆ ಮಾತಿಗೆ ಬೆಲೆ ಇಲ್ಲ. ಆದರೆ ಇದನ್ನೂ ಯೋಚಿಸಿ. ಟಿಬೆಟನ್ನರ ಪಾಲಿನದನ್ನು ಕಿತ್ತುಕೊಂಡರೆ ಇರುಳಿಗರ ಜೇಬಿಗೆ ಹಕ್ಕುಪತ್ರ ಬಂದು ಬೀಳುವುದೇ? ನೆಲ ಕಳೆದುಕೊಂಡವನ ನೋವು ಒಬ್ಬರ ವಿಷಯದಲ್ಲಿ ಅರ್ಥವಾದವನಿಗೆ ಇನ್ನೊಬ್ಬರದೂ ಅರ್ಥವಾಗುತ್ತದೆ. ಅರ್ಥವಾಗದವನು ಇಬ್ಬರನ್ನೂ ಒಕ್ಕಲೆಬ್ಬಿಸುತ್ತಾನೆ. ಇನ್ನು ಹೊರಗಿನವರು ಎಂಬ ಮಾತು. ಚನ್ನಪಟ್ಟಣದ ಆಲೆಮರದ ಗೊಂಬೆಯ ಕೈಕೆಲಸವನ್ನು ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳು ಕಲಿಸಿದರೆಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ರೇಷ್ಮೆ ಹುಳುವಿನ ಮೊಟ್ಟೆ ಬಂದದ್ದು ಬಂಗಾಳದಿಂದ. ಈ ಎರಡನ್ನೂ ತೆಗೆದುಬಿಟ್ಟರೆ ನಮ್ಮ ಎರಡು ಪಟ್ಟಣಗಳಲ್ಲಿ ಅನ್ನಕ್ಕೆ ಏನು ಉಳಿಯುತ್ತದೆ ಎಂದು ಗೂಡಿನ ಮಾರುಕಟ್ಟೆಯಲ್ಲಿ ನಿಂತು ಯೋಚಿಸಿ.

ಹಾಗಾದರೆ ಮಾಡುವುದೇನು? ಮೊದಲಿಗೆ, ಹೋಗಿ ಮಾತಾಡಿಸಿ. ಮಾರ್ಚ್ 10 ಅವರಿಗೆ ದಂಗೆಯ ನೆನಪಿನ ದಿನ. ಅಂದು ಅವರ ಪಕ್ಕದಲ್ಲಿ ಕನ್ನಡಿಗರ ನಾಲ್ಕು ಮುಖ ಕಾಣಲಿ. ಲೋಸಾರ್ ಅವರ ಹೊಸ ವರ್ಷ. ನಮ್ಮ ಶಿವರಾತ್ರಿಯ ಆಸುಪಾಸಿನಲ್ಲಿ ಬರುತ್ತದೆ. ಒಂದು ಬುಟ್ಟಿ ಬಾಳೆಹಣ್ಣು ಹಿಡಿದು ಹೋಗಿ. ರಾಮನಗರದ ಚಾಮುಂಡೇಶ್ವರಿ ಕರಗಕ್ಕೆ ಅವರನ್ನು ಕರೆಯಿರಿ. ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳೇ, ಮಕ್ಕಳನ್ನು ವಂಡರ್‌ಲಾಕ್ಕೆ ಪ್ರವಾಸ ಕರೆದೊಯ್ಯುವಾಗ ಒಂದು ಗಂಟೆ ಮೊದಲೇ ಹೊರಟು, ಕಾಲೇಜಿನವರ ಅನುಮತಿ ಕೇಳಿ ಅಲ್ಲಿಗೂ ಕರೆದೊಯ್ಯಿರಿ. ಅಲ್ಲಿಯ ವಿದ್ಯಾರ್ಥಿಗಳೇ ನಮ್ಮ ಮಕ್ಕಳಿಗೆ ತಮ್ಮ ಅಜ್ಜಿಯರ ಕತೆ ಹೇಳಲಿ. ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ಕನ್ನಡ ಕಲಿಸುವ ತರಗತಿ ನಡೆಸಲಿ, ಅವರ ಭಾಷೆಯ ಕತೆಗಳನ್ನು ಕನ್ನಡಕ್ಕೆ ತರಲಿ.

ಜಾನಪದ ಲೋಕದವರಿಗೆ ನನ್ನ ವಿಶೇಷ ಬಿನ್ನಹ. ಎಚ್.ಎಲ್. ನಾಗೇಗೌಡರು ರಾಮನಗರದ ಹೆದ್ದಾರಿಯಲ್ಲಿ ಜಾನಪದ ಲೋಕ ಕಟ್ಟಿದ್ದು ಕಣ್ಮರೆಯಾಗುವ ಬದುಕನ್ನು ಧ್ವನಿಮುದ್ರಿಸಿ, ವಸ್ತುಗಳನ್ನು ಕೂಡಿಟ್ಟು ಉಳಿಸುವುದಕ್ಕೆ. 1959ರಲ್ಲಿ ಹಿಮಾಲಯ ದಾಟಿದಾಗ ಹತ್ತು ವರ್ಷವಿದ್ದವರು ಈಗ ಎಪ್ಪತ್ತೈದು ದಾಟಿದ್ದಾರೆ. ಅವರಲ್ಲಿ ಅನೇಕರಿಗೆ ಕನ್ನಡ ಬರುತ್ತದೆ. ಆನೆ ದಾಳಿಯ ರಾತ್ರಿಗಳು, ಮೊದಲ ಫಸಲು, ಸೆಕೆ ತಾಳದೆ ಸತ್ತವರು, ರಾಗಿ ಬಿತ್ತುವುದನ್ನು ತೋರಿಸಿದ ಪಿರಿಯಾಪಟ್ಟಣದ ರೈತ, ಈ ಎಲ್ಲ ನೆನಪೂ ಕನ್ನಡದಲ್ಲೇ ಸಿಗುತ್ತದೆ, ಕೇಳಿ ಬರೆದುಕೊಳ್ಳುವವರಿದ್ದರೆ. ಮ್ಯೂನಿಕ್‌ನಲ್ಲಿ ಹಸಿದ ಜನ ಮಾಡಿದ ಕೆಲಸವನ್ನು ಹೊಟ್ಟೆ ತುಂಬಿದ ನಾವು ಮಾಡಲಾರೆವೇ? ತಡಮಾಡಬೇಡಿ. ಒಂದೊಂದು ಚಳಿಗಾಲಕ್ಕೂ ಆ ಹಿರಿಯರ ಸಂಖ್ಯೆ ಕಡಿಮೆಯಾಗುತ್ತಿದೆ.

ಸರ್ಕಾರವನ್ನು ಕೇಳಬೇಕಾದದ್ದೂ ಇದೆ. ಕೇಂದ್ರ ಸರ್ಕಾರ 2014ರಲ್ಲಿ ಟಿಬೆಟನ್ ಪುನರ್ವಸತಿ ನೀತಿ ತಂದಿತು. ನೆಲೆಗಳ ಭೂಮಿಗೆ 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಬೇಕು, ಉದ್ಯೋಗ ಖಾತರಿ, ಪಡಿತರದಂಥ ಸೌಲಭ್ಯ ಅವರಿಗೂ ತಲುಪಬೇಕು ಎಂದು ರಾಜ್ಯಗಳಿಗೆ ಹೇಳಿತು. ಭಾರತದಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು. ನಮ್ಮ ಹೈಕೋರ್ಟ್ 2013ರಲ್ಲಿ ಈ ಮಾತನ್ನು ಎತ್ತಿಹಿಡಿಯಿತು, ಮರುವರ್ಷ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಉಳಿದವರ ಕೈಯಲ್ಲಿರುವುದು ವಿದೇಶಿಯರ ನೋಂದಣಿ ಪತ್ರ. ಅವರು ಅದನ್ನು ಆರ್‌.ಸಿ. ಎನ್ನುತ್ತಾರೆ. ಇಲ್ಲೇ ಹುಟ್ಟಿ, ಇಲ್ಲೇ ಅಂಗನವಾಡಿಗೆ ಹೋಗಿ, ಇಲ್ಲೇ ಪದವಿ ಪಡೆದ ಹುಡುಗಿ ಬ್ಯಾಂಕ್ ಖಾತೆ, ಬಾಡಿಗೆ ಮನೆ, ಕೆಲಸ ಎಂದು ಹೋದಾಗಲೆಲ್ಲ ಆ ಪತ್ರ ಏನೆಂದು ಮೊದಲಿನಿಂದ ವಿವರಿಸಬೇಕು. 2009ರಲ್ಲಿ ಟಿಬೆಟನ್ನರೇ ನಡೆಸಿದ ಗಣತಿಯಲ್ಲಿ ಭಾರತದಲ್ಲಿದ್ದವರು 94,203. ಆಮೇಲೆ ಎಷ್ಟೋ ಯುವಕರು ಕೆನಡಾ, ಅಮೆರಿಕ, ಫ್ರಾನ್ಸ್ ಎಂದು ಹೊರಟುಹೋದರು. ಮಠಗಳಿಗೆ ಮಕ್ಕಳು ಕಡಿಮೆ, ಹೊಲಗಳಿಗೆ ಕೈಗಳು ಕಡಿಮೆ. ಹೋಗುವುದು ಅವರ ಹಕ್ಕು, ತಡೆಯಲು ನಾವು ಯಾರು. ಆದರೆ ಇಲ್ಲಿ ಉಳಿಯಬಯಸುವವರು ಕಾಗದದ ಕಾಟಕ್ಕೆ, ಬಾಡಿಗೆ ಮನೆ ಸಿಗದ ಅವಮಾನಕ್ಕೆ ಹೋಗುವಂತಾಗಬಾರದು. ಬಿಡದಿ, ಕೆಂಗೇರಿಯಲ್ಲಿ ಮನೆ ಬಾಡಿಗೆಗೆ ಕೊಡುವ ಯಜಮಾನರೇ, ಈ ಮಾತು ನೇರವಾಗಿ ನಿಮಗೇ.

ನಮ್ಮ ನಾಲ್ಕು ಕ್ಷೇತ್ರಗಳ ಶಾಸಕರು ಯಾವ ಪಕ್ಷದವರಾದರೂ ಇರಲಿ, ಅವರ ಮುಂದೆ ಈ ಬೇಡಿಕೆ ಇಡೋಣ: ಐದೂ ನೆಲೆಗಳ ಗುತ್ತಿಗೆ ಪತ್ರಗಳ ಸ್ಥಿತಿಗತಿಯನ್ನು ಸದನದಲ್ಲಿ ಕೇಳಲಿ, ಇರುಳಿಗರ ಹಕ್ಕುಪತ್ರಗಳ ಬಗ್ಗೆಯೂ ಅದೇ ಉಸಿರಿನಲ್ಲಿ ಕೇಳಲಿ. ಗಾಳಿಸುದ್ದಿಯ ವಾಟ್ಸ್ಯಾಪ್ ಸಂದೇಶ ನಿಮ್ಮ ಗುಂಪಿಗೆ ಬಂದಾಗ, ನಿಜವೋ ಸುಳ್ಳೋ ನೋಡಿದ ಮೇಲೆ ಉಳಿದ ಮಾತು ಎಂದು ಬರೆಯುವ ಮೊದಲಿಗ ನೀವಾಗಿ. ಬಸ್ಸಿನಲ್ಲಿ ಯಾರಾದರೂ ಆ ಮಕ್ಕಳನ್ನು ಚೈನಾದವರೆಂದು ಚುಡಾಯಿಸಿದರೆ ಕಿಟಕಿಯ ಕಡೆ ತಿರುಗಬೇಡಿ. ಎದ್ದು ನಿಂತು, ಬೈಲಕುಪ್ಪೆಯ ಮಕ್ಕಳಪ್ಪ ಇವು, ನಮ್ಮ ಶೇಷಗಿರಿಹಳ್ಳಿಯಲ್ಲಿ ಓದ್ತಾವೆ ಎಂದು ಗಟ್ಟಿಯಾಗಿ ಹೇಳಿ.

ಶಾಸಕರಿಗೆ ಕೊಡಲು ಈ ಬೇಡಿಕೆಗಳ ಮನವಿಪತ್ರ ಬರೆದಾಗಿದೆ. ಚನ್ನಪಟ್ಟಣದಿಂದ ಹೊರಡುವವರು, ಮಾಗಡಿಯಿಂದ ಬರುವವರು, ಕನಕಪುರದಿಂದ ಬರುವವರು ಒಂದು ಭಾನುವಾರ ಬೆಳಿಗ್ಗೆ ಬಿಡದಿಯಲ್ಲಿ ಸೇರೋಣ. ದಾರಿ ಗೊತ್ತಿಲ್ಲದಿದ್ದರೆ ಆಟೋದವರನ್ನು ಕೇಳಿ. ಶೇಷಗಿರಿಹಳ್ಳಿ ಎಂದರೆ ಸಾಕು, ಕರೆದುಕೊಂಡು ಹೋಗಿ ಬಿಡುತ್ತಾರೆ.